ಅಮಲಿನ ನಿದ್ರೆಯೂ ಉಸಿರಿನ ಕಾವಲೂ

ಸಂತೆ ಮುಗಿದ ಸಂಜೆ ಬಸ್ಸಿನ ನಿಲ್ದಾಣದ ಜಗುಲಿಯ ಮೇಲೆ ಒಬ್ಬನು ಬಿದ್ದಿರುತ್ತಾನೆ. ಬಾಯಿಂದ ಹೆಂಡದ ನಾತ, ಗಂಟಲಿನಿಂದ ಗೊರಕೆ. ಹೋಗುವವರು ಬರುವವರು ನೋಡುತ್ತಾರೆ. ಕುಡಿದು ಮಲಗಿದ್ದಾನೆ, ಇಳಿದ ಮೇಲೆ ತಾನೇ ಏಳುತ್ತಾನೆ ಎಂದುಕೊಂಡು ಮುಂದೆ ಸಾಗುತ್ತಾರೆ. ಬಹುಮಟ್ಟಿಗೆ ಅವನು ಏಳುತ್ತಾನೆ. ಅನರ್ಥಕ್ಕೆ ಮೂಲವಾಗಿರುವುದೂ ಇದೇ. ಹತ್ತು ಸಲ ಎದ್ದವನನ್ನು ಕಂಡ ಕಣ್ಣಿಗೆ ಹನ್ನೊಂದನೆಯ ಸಲ ಏಳಲಾರದವನ ಗುರುತು ಹತ್ತುವುದಿಲ್ಲ. ಬೆಳಗಾದ ಮೇಲೆ ಪೋಲೀಸಿನವರು ಬಂದು ಪಂಚನಾಮೆ ಬರೆಯುವಾಗ 'ಕುಡಿದು ಸತ್ತನು' ಎಂಬ ಎರಡು ಮಾತುಗಳಲ್ಲಿ ಅವನ ಕಥೆ ತೀರಿಹೋಗುತ್ತದೆ. ಕುಡಿದುದು ನಿಜ, ಸತ್ತುದೂ ನಿಜ. ಆದರೆ ಈ ಎರಡು ಮಾತುಗಳ ನಡುವೆ ಕೆಲವು ಗಂಟೆಗಳ ಕಾಲ ಅವನು ಜೀವದಿಂದಿದ್ದನು, ಆ ಹೊತ್ತಿನಲ್ಲಿ ಅವನನ್ನು ಉಳಿಸಬಹುದಾಗಿತ್ತು ಎಂಬುದನ್ನು ಯಾವ ಪಂಚನಾಮೆಯೂ ಬರೆಯುವುದಿಲ್ಲ. ಆ ಕೆಲವು ಗಂಟೆಗಳ ವಿಚಾರವನ್ನು ಇಂದು ವಾಚಕರ ಮುಂದಿಡಬೇಕೆಂದು ನಾವು ಎಣಿಸಿದ್ದೇವೆ.

ಈ ಅವಸ್ಥೆಗೆ ಡಾಕ್ಟರರು ಸೆಂಟ್ರಲ್ ನರ್ವಸ್ ಸಿಸ್ಟಮ್ ಡಿಪ್ರೆಶನ್ ಎಂದು ಹೆಸರಿಟ್ಟಿದ್ದಾರೆ. ಡಿಪ್ರೆಶನ್ ಎಂದೊಡನೆ ನಮ್ಮ ಪಟ್ಟಣಿಗರು ಈಗ ಖಿನ್ನತೆ ಎಂದು ಅರ್ಥ ಮಾಡುವುದುಂಟು. ಇಲ್ಲಿ ಖಿನ್ನವಾಗುವುದು ಮನಸ್ಸಲ್ಲ. ಕುಗ್ಗುವುದು ಮಿದುಳು ಮತ್ತು ಬೆನ್ನುಹುರಿಗಳ ಕೆಲಸ. ದುಃಖದಿಂದ ಬಳಲುವವನೂ ಈ ಅವಸ್ಥೆಗೆ ಬೀಳಬಹುದು, ಮದುವೆಯ ಮನೆಯಲ್ಲಿ ಸಂತೋಷದಿಂದ ಕುಡಿದವನೂ ಬೀಳಬಹುದು. ಒಂದಕ್ಕೂ ಇನ್ನೊಂದಕ್ಕೂ ಹೆಸರಿನ ಹೊರತು ನೇರವಾದ ನಂಟಿಲ್ಲ. ಆದುದರಿಂದ ನಾವು ಇದನ್ನು ನರಮಂಡಲದ ಕುಗ್ಗು ಎಂದು ಕರೆಯುತ್ತೇವೆ. ಇದಕ್ಕಿಂತ ಒಳ್ಳೆಯ ಮಾತು ಪಂಡಿತರ ಬಳಿಯಲ್ಲಿದ್ದರೆ ದಯಮಾಡಿ ಕೊಡಲಿ. ಕೇಂದ್ರೀಯ ನರವ್ಯೂಹಾವನಮನ ಎಂಬ ಜಾತಿಯ ಮಾತನ್ನು ಮಾತ್ರ ಕೊಡದಿರಲಿ.

ಮದ್ಯವು ಮಿದುಳನ್ನು ಕುಗ್ಗಿಸುವುದಾದರೆ ಕುಡಿದವನು ಹಾಡುವುದೇಕೆ, ಕುಣಿಯುವುದೇಕೆ, ಎದುರುಮನೆಯವನೊಡನೆ ಜಗಳ ತೆಗೆಯುವುದೇಕೆ ಎಂಬ ಸಂಶಯ ಕೆಲವರಿಗೆ ಹುಟ್ಟಬಹುದು. ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಇದರ ಉತ್ತರವು ಸುಲಭವಾಗಿ ತಿಳಿಯುವುದು. ಮೇಲಧಿಕಾರಿಯು ರಜೆಯ ಮೇಲೆ ಹೋದ ದಿನ ಕಚೇರಿಯಲ್ಲಿ ಗದ್ದಲ ಹೆಚ್ಚಿದರೆ ಅದು ಕೆಲಸ ಹೆಚ್ಚಿದುದರ ಗುರುತಲ್ಲ; ತಡೆಯುವವನು ಇಲ್ಲದುದರ ಗುರುತು. ಮಿದುಳಿನಲ್ಲಿಯೂ ಹಾಗೆಯೇ. ಎಲ್ಲಕ್ಕಿಂತ ಮೇಲಿನ ಭಾಗದಲ್ಲಿ ವಿವೇಕ, ಲಜ್ಜೆ, ಮುಂದಾಲೋಚನೆಗಳ ಸ್ಥಾನವಿದೆ; ಅಮಲು ಮೊದಲು ಕುಗ್ಗಿಸುವುದು ಇವುಗಳನ್ನು. ಅನಂತರ ನಡಿಗೆಯನ್ನೂ ನಾಲಗೆಯನ್ನೂ ಹದವಾಗಿ ನಡೆಸುವ ಚಿಕ್ಕ ಮಿದುಳಿನ ಸರದಿ. ಕಾಲು ತಡವರಿಸುವುದು, ಮಾತು ತೊದಲುವುದು. ಅದರ ಮೇಲೆ ಎಚ್ಚರವೇ ತಪ್ಪುವುದು. ಕಟ್ಟಕಡೆಗೆ, ಹೆಡತಲೆಯ ಒಳಗೆ, ಮಿದುಳು ಬೆನ್ನುಹುರಿಗೆ ಕೂಡುವ ಬುಡದಲ್ಲಿ, ಉಸಿರಾಟದ ತಿದಿಯನ್ನು ಹಗಲಿರುಳು ಒತ್ತುತ್ತಿರುವ ಒಂದು ಸಣ್ಣ ಸ್ಥಾನವುಂಟು. ಅಮಲು ಅಲ್ಲಿಯ ತನಕ ಇಳಿದರೆ ತಿದಿ ನಿಲ್ಲುವುದು. ಮಹಡಿಯ ಮನೆಯಲ್ಲಿ ಮೇಲಂತಸ್ತಿನಿಂದ ಒಂದೊಂದಾಗಿ ದೀಪವಾರಿಸುತ್ತ ಬಂದು ಕೊನೆಗೆ ದೇವರ ಮನೆಯ ನಂದಾದೀಪವನ್ನೂ ಊದಿದಂತೆ.

ಈ ಸಣ್ಣ ಸ್ಥಾನದ ಕೆಲಸ ವಿಚಿತ್ರವಾದುದು. ರಕ್ತದಲ್ಲಿ ಇಂಗಾಲಾಮ್ಲ ವಾಯುವು ತುಸು ಹೆಚ್ಚಿದೊಡನೆ ಅದು ಎದೆಗೂಡಿಗೆ ಉಸಿರೆಳೆಯುವಂತೆ ಆಜ್ಞೆ ಕಳುಹಿಸುತ್ತದೆ. ನಾವು ನಿದ್ರಿಸುವಾಗಲೂ ಈ ಆಜ್ಞೆಯು ತಪ್ಪದು. ವಯಸ್ಕನು ಸ್ವಸ್ಥನಾಗಿ ವಿಶ್ರಮಿಸುವಾಗ ನಿಮಿಷಕ್ಕೆ ೧೨ರಿಂದ ೨೦ ಸಲ ಉಸಿರಾಡುತ್ತಾನೆ. ಸಹಜವಾದ ನಿದ್ರೆಗೂ ಅಮಲಿನ ನಿದ್ರೆಗೂ ಇರುವ ಭೇದ ಇದೇ. ಸಹಜವಾಗಿ ನಿದ್ರಿಸುವವನ ಮೂಗು ಮುಚ್ಚಿದರೆ ಅವನು ಹೊರಳುತ್ತಾನೆ, ಉಗುಳು ಗಂಟಲಿಗೆ ಇಳಿದರೆ ಕೆಮ್ಮುತ್ತಾನೆ, ಹೆಸರು ಹಿಡಿದು ಕೂಗಿದರೆ ಏಳುತ್ತಾನೆ. ಕುಗ್ಗಿದ ನರಮಂಡಲದವನು ಇದೊಂದನ್ನೂ ಮಾಡಲಾರನು. ವಿಷವಾಯು ರಕ್ತದಲ್ಲಿ ತುಂಬುತ್ತಿದ್ದರೂ ಕೇಳುವವರಿಲ್ಲ. ನಾಲಗೆ ಹಿಂದಕ್ಕೆ ಜಾರಿ ಗಂಟಲಿನ ದಾರಿಯನ್ನು ಕಟ್ಟುತ್ತದೆ. ಸುತ್ತಲಿನವರು ಗಾಢನಿದ್ರೆಯ ಗೊರಕೆ ಎಂದು ತಿಳಿಯುವ ಸದ್ದು ಎಷ್ಟೋ ಸಲ ಈ ಕಟ್ಟಿದ ದಾರಿಯ ಸದ್ದಾಗಿರುತ್ತದೆ. ವಾಂತಿಯಾದರೆ ಅದು ಹೊರಗೆ ಬಾರದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ರಾಣವೆಂಬ ಶಬ್ದಕ್ಕೆ ನಮ್ಮ ಹಿರಿಯರು ಉಸಿರೆಂದೂ ಜೀವವೆಂದೂ ಒಟ್ಟಿಗೆ ಅರ್ಥ ಹೇಳಿದುದು ಬರಿಯ ಅಲಂಕಾರವಲ್ಲ.

ಅಮಲಿನ ವಸ್ತುಗಳು ನೂರಾರು ಇದ್ದರೂ ಅವು ಈ ಕೆಲಸವನ್ನು ಮಾಡುವ ದಾರಿಗಳು ಕೆಲವೇ. ಮಿದುಳಿನ ನರಕೋಶಗಳ ನಡುವೆ 'ನಡೆ' ಎಂದು ಹೇಳುವ ರಸಗಳಿರುವಂತೆ 'ನಿಲ್ಲು' ಎಂದು ಹೇಳುವ ರಸಗಳೂ ಉಂಟು. ಗ್ಯಾಬಾ ಎಂದು ಹೆಸರಾದ ರಸವು ಇಂಥ ನಿಲ್ಲಿಸುವ ರಸಗಳಲ್ಲಿ ಮುಖ್ಯವಾದುದು. ಮದ್ಯ, ೧೯೦೩ರಿಂದ ಬಳಕೆಗೆ ಬಂದ ಬಾರ್ಬಿಟ್ಯುರೇಟು ಜಾತಿಯ ನಿದ್ರೆಯ ಔಷಧಗಳು, ೧೯೬೦ರಿಂದ ಈಚೆಗೆ ಬಂದ ಡಯಾಜೆಪಾಮ್, ಆಲ್ಪ್ರಜೋಲಾಮ್ ಮೊದಲಾದ ಗುಳಿಗೆಗಳು, ಮುಂದೆ ನಾವು ವಿವರಿಸಲಿರುವ ಕ್ಲೋರಲ್ ಹೈಡ್ರೇಟು, ಇವೆಲ್ಲವೂ ಈ ರಸದ ಕೈಯನ್ನು ಬಲಪಡಿಸುವಂಥವು. ಅಫೀಮು, ಅದರಿಂದ ತೆಗೆದ ಮಾರ್ಫೀನು, ಕೋಡೀನು, ಹೆರಾಯಿನು ಮತ್ತು ಈಚಿನ ಟ್ರಾಮಡಾಲ್, ಫೆಂಟನಿಲ್‌ಗಳು ಬೇರೊಂದು ಬಾಗಿಲಿನಿಂದ ಒಳಹೊಕ್ಕು ಉಸಿರಿನ ಸ್ಥಾನಕ್ಕೇ ನೇರವಾಗಿ ಕೈಹಾಕುತ್ತವೆ. ಒಂದೊಂದನ್ನೇ ಮಿತಿಯಲ್ಲಿ ತೆಗೆದುಕೊಂಡಾಗ ತಾಳಿಕೊಳ್ಳುವ ದೇಹವು ಎರಡು ಕೂಡಿದಾಗ ತಾಳದು. ರಾತ್ರಿ ನಿದ್ರೆಯ ಗುಳಿಗೆ ನುಂಗುವ ಗೃಹಸ್ಥನು ಅದೇ ದಿನ ಸ್ನೇಹಿತರೊಡನೆ ಎರಡು ಗ್ಲಾಸು ಕುಡಿದು ಬಂದು ಎಂದಿನ ಗುಳಿಗೆಯನ್ನೇ ಎಂದಿನಂತೆ ನುಂಗಿದರೆ, ಅವನ ಲೆಕ್ಕದಲ್ಲಿ ಎರಡೂ ಸಣ್ಣ ಪ್ರಮಾಣಗಳು. ಉಸಿರಿನ ಲೆಕ್ಕವೇ ಬೇರೆ.

ಉಸಿರನ್ನು ಕಾಯಬೇಕೆಂಬ ಈ ಪಾಠವನ್ನು ಲೋಕದ ವೈದ್ಯರಿಗೆ ಒತ್ತಿ ಹೇಳಿದ ಊರು ಲಂಡನ್ ಅಲ್ಲ, ಪ್ಯಾರಿಸ್ ಅಲ್ಲ, ಹೈದರಾಬಾದು ಎಂದು ಹೇಳಿದರೆ ಕೆಲವರು ಆಶ್ಚರ್ಯಪಡಬಹುದು. ಎಡಿನ್‌ಬರೋ ಪಟ್ಟಣದ ಸಿಂಪ್ಸನ್ ಎಂಬ ವೈದ್ಯನು ೧೮೪೭ರಲ್ಲಿ ಹೆರಿಗೆಯ ನೋವನ್ನು ತಗ್ಗಿಸಲು ಕ್ಲೋರೋಫಾರ್ಮನ್ನು ಬಳಕೆಗೆ ತಂದನು. ಮೂರೇ ತಿಂಗಳೊಳಗೆ, ೧೮೪೮ರ ಜನವರಿಯಲ್ಲಿ, ಇಂಗ್ಲೆಂಡಿನಲ್ಲಿ ಹ್ಯಾನಾ ಗ್ರೀನರ್ ಎಂಬ ೧೫ ವರ್ಷದ ಹುಡುಗಿಯು ಕಾಲಿನ ಉಗುರು ತೆಗೆಸಿಕೊಳ್ಳುವ ಸಣ್ಣ ಶಸ್ತ್ರಕ್ರಿಯೆಯಲ್ಲಿ ಈ ಔಷಧದಿಂದ ಸತ್ತಳು. ಅಂದಿನಿಂದ ವೈದ್ಯರಲ್ಲಿ ಎರಡು ಪಕ್ಷಗಳಾದವು. ಔಷಧ ಕೊಡುವವನು ರೋಗಿಯ ನಾಡಿಯ ಮೇಲೆ ಬೆರಳಿಟ್ಟಿರಬೇಕು, ಸಾವು ಬರುವುದು ಹೃದಯದ ದಾರಿಯಿಂದ ಎಂದು ಒಂದು ಪಕ್ಷ. ನಾಡಿಯನ್ನು ಬಿಡು, ಉಸಿರನ್ನು ನೋಡು ಎಂದು ಇನ್ನೊಂದು ಪಕ್ಷ. ಈ ವ್ಯಾಜ್ಯವು ನಲವತ್ತು ವರ್ಷ ನಡೆಯಿತು.

ಹೈದರಾಬಾದಿನ ರೆಸಿಡೆನ್ಸಿಯ ಸರ್ಜನನೂ ಅಲ್ಲಿಯ ವೈದ್ಯಶಾಲೆಯ ಮುಖ್ಯನೂ ಆಗಿದ್ದ ಎಡ್ವರ್ಡ್ ಲಾರಿ ಎಂಬವನು ಎರಡನೆಯ ಪಕ್ಷದವನು. ೧೮೮೮ರಲ್ಲಿ ಅವನು ನಿಜಾಮ ಸರಕಾರದ ನೆರವಿನಿಂದ ಮೊದಲನೆಯ ಕ್ಲೋರೋಫಾರ್ಮ್ ಕಮಿಶನ್ನನ್ನು ನಡೆಸಿದನು. ಅದರ ತೀರ್ಮಾನವನ್ನು ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯು ನಂಬಲಿಲ್ಲ. ಆಗ ನಿಜಾಮ ಮಹಬೂಬ್ ಅಲಿ ಖಾನರು ಒಂದು ಸಾವಿರ ಪೌಂಡು ಹಣವನ್ನು ಆ ಪತ್ರಿಕೆಗೇ ಕೊಟ್ಟು, ನಿಮ್ಮ ಪರೀಕ್ಷಕನನ್ನೇ ಕಳುಹಿಸಿ ಎಂದರು. ೧೮೮೯ರಲ್ಲಿ ಪ್ರಸಿದ್ಧ ವೈದ್ಯಶಾಸ್ತ್ರಜ್ಞನಾದ ಲಾಡರ್ ಬ್ರಂಟನ್ ಹೈದರಾಬಾದಿಗೆ ಬಂದನು. ನಾಯಿ, ಕೋತಿ ಮೊದಲಾದ ನಾನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪರೀಕ್ಷೆ ನಡೆಯಿತು. ಆ ವೈದ್ಯಶಾಲೆಯಲ್ಲಿಯೇ ಕಲಿತ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರಸೀ ಮಹಿಳೆಯೂ ಈ ಕಾರ್ಯದಲ್ಲಿ ಭಾಗವಹಿಸಿದ್ದರು. ಕ್ಲೋರೋಫಾರ್ಮ್ ಕೊಡುವುದರಲ್ಲಿ ನಿಪುಣರಾಗಿದ್ದ ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲದಿರುವುದು ನಮ್ಮ ಮರೆವಿಗೆ ಒಂದು ಸಾಕ್ಷಿ. ಸಂಶಯದಿಂದ ಬಂದ ಬ್ರಂಟನ್ ಲಾರಿಯ ಮತಕ್ಕೆ ಒಪ್ಪಿದನು: ಕ್ಲೋರೋಫಾರ್ಮ್ ಹೆಚ್ಚಾದಾಗ ಮೊದಲು ನಿಲ್ಲುವುದು ಉಸಿರು, ಆಮೇಲೆ ಹೃದಯ, ಆದುದರಿಂದ ಕಾಯಬೇಕಾದುದು ಉಸಿರನ್ನು. ಆ ಕಾಲಕ್ಕೆ ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳು ನಿಜಾಮರ ರಾಜ್ಯಕ್ಕೆ ಸೇರಿದ್ದವು. ಆ ಬೊಕ್ಕಸದ ಒಂದು ಸಾವಿರ ಪೌಂಡಿನಲ್ಲಿ ನಮ್ಮ ಕನ್ನಡ ರೈತರ ಕಂದಾಯದ ಕಾಸೂ ಬೆರೆತಿತ್ತೆಂಬುದನ್ನು ನಾವು ಮರೆಯತಕ್ಕುದಲ್ಲ.

ಲಾರಿಯ ಮಾತು ಪೂರ್ಣಸತ್ಯವಾಗಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ೧೯೧೧ರಲ್ಲಿ ಲೀವಿ ಎಂಬ ಶಾಸ್ತ್ರಜ್ಞನು, ಕ್ಲೋರೋಫಾರ್ಮಿನ ಅಮಲು ತೆಳುವಾಗಿರುವಾಗ ಭಯದಿಂದಲೋ ನೋವಿನಿಂದಲೋ ದೇಹದಲ್ಲಿ ಅಡ್ರಿನಲಿನ್ ರಸವು ಉಕ್ಕಿದರೆ ಹೃದಯವು ಒಮ್ಮೆಲೆ ತಾಳತಪ್ಪಿ ನಿಲ್ಲಬಹುದೆಂದು ತೋರಿಸಿದನು. ಉಗುರು ತೆಗೆಸಿಕೊಳ್ಳಲು ಹೆದರಿ ಕುಳಿತಿದ್ದ ಆ ಹುಡುಗಿ ಹಾಗೆ ಸತ್ತಿರಬಹುದೆಂಬ ಊಹೆಯುಂಟು. ಎರಡು ಪಕ್ಷದವರೂ ಅರ್ಧರ್ಧ ಗೆದ್ದರು ಎನ್ನೋಣ. ಆದರೂ ಇಂದಿಗೂ ಶಸ್ತ್ರಕ್ರಿಯೆಯ ಕೋಣೆಯಲ್ಲಿ ಅರಿವಳಿಕೆಯ ವೈದ್ಯನು ಒಂದು ಗಳಿಗೆಯೂ ರೋಗಿಯ ತಲೆಯ ಬಳಿಯಿಂದ ಕದಲುವುದಿಲ್ಲ. ಅರಿವಳಿಕೆ ಎಂದರೆ ಬೇಕೆಂದೇ ಬರಿಸಿದ ನರಮಂಡಲದ ಕುಗ್ಗು. ಅಲ್ಲಿ ರೋಗಿಗೆ ಪ್ರತಿ ಉಸಿರನ್ನು ಎಣಿಸುವ ಒಬ್ಬ ಕಾವಲುಗಾರನಿರುತ್ತಾನೆ. ಬಸ್ಸಿನ ನಿಲ್ದಾಣದ ಜಗುಲಿಯ ಮೇಲೆ ಬಿದ್ದವನಿಗೆ ಬಂದಿರುವುದೂ ಅದೇ ಅವಸ್ಥೆ. ಕಾವಲುಗಾರನು ಮಾತ್ರ ಇಲ್ಲ.

ಹೈದರಾಬಾದಿನ ಹೆಸರು ಇನ್ನೊಂದು ದುಃಖದ ಕಾರಣದಿಂದಲೂ ಇಲ್ಲಿ ಬರಬೇಕಾಗಿದೆ. ಕ್ಲೋರೋಫಾರ್ಮನ್ನು ೧೮೩೧ರಲ್ಲಿ ತಯಾರಿಸಿದವರಲ್ಲಿ ಒಬ್ಬನಾದ ಜರ್ಮನಿಯ ಲೀಬಿಗ್ ಎಂಬ ರಸಾಯನಶಾಸ್ತ್ರಜ್ಞನು ಮರುವರ್ಷವೇ ಕ್ಲೋರಲ್ ಎಂಬ ವಸ್ತುವನ್ನು ಮಾಡಿದನು. ಅದಕ್ಕೆ ನೀರು ಕೂಡಿದಾಗ ಕ್ಲೋರಲ್ ಹೈಡ್ರೇಟು ಎಂಬ ಬಿಳಿಯ ಹರಳಾಗುತ್ತದೆ. ೧೮೬೯ರಲ್ಲಿ ಲೀಬ್ರೈಕ್ ಎಂಬವನು, ಇದು ರಕ್ತದಲ್ಲಿ ಕರಗಿ ಕ್ಲೋರೋಫಾರ್ಮೇ ಆಗುವುದೆಂದು ಊಹಿಸಿ ನಿದ್ರೆಯ ಔಷಧವಾಗಿ ಕೊಟ್ಟನು. ಊಹೆ ತಪ್ಪು, ನಿದ್ರೆ ಮಾತ್ರ ನಿಜ. ಅದು ದೇಹದಲ್ಲಿ ಬೇರೊಂದು ವಸ್ತುವಾಗಿ ಮಾರ್ಪಟ್ಟು ಗ್ಯಾಬಾದ ದಾರಿಯಿಂದಲೇ ಕೆಲಸ ಮಾಡುವುದು ಆಮೇಲೆ ತಿಳಿಯಿತು. ಉತ್ತಮವಾದ ಬೇರೆ ಔಷಧಗಳು ಬಂದ ಮೇಲೆ ವೈದ್ಯರು ಇದನ್ನು ಬಹುಮಟ್ಟಿಗೆ ಬಿಟ್ಟರು. ವೈದ್ಯರು ಬಿಟ್ಟುದನ್ನು ಸೇಂದಿಯ ವ್ಯಾಪಾರಿಗಳು ಹಿಡಿದರು.

ಈಚಲ ಮರದಿಂದಲೋ ತಾಳೆಯ ಮರದಿಂದಲೋ ಇಳಿಸಿ ಹುಳಿಬರಿಸಿದ ಸೇಂದಿಯಲ್ಲಿ ಇರುವ ಮದ್ಯಸಾರ ಸ್ವಲ್ಪ. ಮರಗಳು ಕಡಿಮೆಯಾಗಿ ಕುಡಿಯುವವರು ಹೆಚ್ಚಾದಾಗ ವ್ಯಾಪಾರಿಯು ನೀರು ಬೆರೆಸುತ್ತಾನೆ. ನೀರು ಬೆರೆಸಿದ ಮೇಲೆ ಅಮಲು ಸಾಲದು. ಸಾಲದ ಅಮಲನ್ನು ತುಂಬಲು ಸಿ. ಎಚ್. ಪೌಡರ್ ಎಂದು ಬಳಕೆಯ ಹೆಸರು ಪಡೆದ ಈ ಕ್ಲೋರಲ್ ಹೈಡ್ರೇಟನ್ನೋ ಡಯಾಜೆಪಾಮ್, ಆಲ್ಪ್ರಜೋಲಾಮ್‌ಗಳ ಪುಡಿಯನ್ನೋ ಸುರಿಯುತ್ತಾನೆ. ತೆಲಂಗಾಣದ ಜಿಲ್ಲೆಗಳಲ್ಲಿ ಇದು ಹಳೆಯ ಪಿಡುಗು. ಗಡಿಗೆ ಅಂಟಿಕೊಂಡ ನಮ್ಮ ರಾಯಚೂರಿನಲ್ಲಿಯೂ ಅಧಿಕಾರಿಗಳು ಈ ಪುಡಿಯನ್ನೂ ಇದನ್ನು ಬೆರೆಸಿದ ಸೇಂದಿಯನ್ನೂ ಹಿಡಿದ ವರ್ತಮಾನಗಳು ಅನೇಕ ಸಲ ಬಂದಿವೆ. ಪುಡಿಯನ್ನು ತಕ್ಕಡಿಯಲ್ಲಿ ತೂಗಿ ಬೆರೆಸುವವರು ಯಾರೂ ಇಲ್ಲ. ಒಂದು ಮಡಕೆಯಲ್ಲಿ ಚಿಟಿಕೆ ಬಿದ್ದರೆ ಇನ್ನೊಂದರಲ್ಲಿ ಹಿಡಿ ಬೀಳುತ್ತದೆ. ಬಡವನು ತಾನು ಕುಡಿಯುವುದು ಮರದ ಹಾಲೆಂದು ತಿಳಿದಿರುತ್ತಾನೆ. ಅವನ ಮೈಯೊಳಗೆ ಮದ್ಯವೂ ನಿದ್ರೆಯ ಔಷಧವೂ ಕೂಡಿರುತ್ತವೆ. ಕ್ಲೋರಲ್ ಹೈಡ್ರೇಟಿಗೆ ಕ್ಲೋರೋಫಾರ್ಮಿನ ಎರಡು ದುರ್ಗುಣಗಳೂ ಇವೆ: ಹೆಚ್ಚಾದರೆ ಉಸಿರನ್ನು ಕುಗ್ಗಿಸುತ್ತದೆ, ಹೃದಯದ ತಾಳವನ್ನೂ ಕೆಡಿಸುತ್ತದೆ. ಅದಕ್ಕೆ ಪ್ರತಿವಿಷವೆಂಬುದು ಇಲ್ಲ. ಉಸಿರಿಗೆ ಆಸರೆ ಕೊಟ್ಟು, ಹೃದಯವನ್ನು ಸರಿದೂಗಿಸಿ, ವಿಷವು ತಾನಾಗಿ ಕಳೆಯುವ ತನಕ ಕಾಯುವುದೊಂದೇ ಚಿಕಿತ್ಸೆ.

ಇನ್ನು ಅಧಿಕಾರಿವರ್ಗದವರೊಡನೆ ಒಂದೆರಡು ಮಾತು. ಬೀದಿಯಲ್ಲಿ ಗಲಾಟೆ ಮಾಡಿದ ಕುಡುಕನನ್ನು ಠಾಣೆಗೆ ತಂದು ಲಾಕಪ್ಪಿನಲ್ಲಿ ಮಲಗಿಸುವುದು ಎಲ್ಲ ಕಡೆಯ ಪದ್ಧತಿ. ಮಲಗಿಸಿದ ಮೇಲೆ ಅಮಲು ಇಳಿಯತೊಡಗುವುದೆಂಬ ನಂಬಿಕೆಯೂ ಎಲ್ಲ ಕಡೆಯದು. ಇದು ತಪ್ಪು. ಕೊನೆಯ ಗುಟುಕು ಕುಡಿದ ಮೇಲೆಯೂ ಹೊಟ್ಟೆಯಲ್ಲಿ ಉಳಿದ ಮದ್ಯವು ಒಂದು ಗಂಟೆಯೋ ಅದಕ್ಕೂ ಹೆಚ್ಚೋ ರಕ್ತಕ್ಕೆ ಏರುತ್ತಲೇ ಇರುತ್ತದೆ. ಠಾಣೆಗೆ ಬೈಯುತ್ತ ಬಂದವನು ಅರ್ಧ ಗಂಟೆಯಲ್ಲಿ ಸುಮ್ಮನಾದರೆ ಅವನಿಗೆ ಬುದ್ಧಿ ಬಂದಿತೆಂದು ತಿಳಿಯಬಾರದು. ಮದ್ಯವು ದೇಹದಿಂದ ಕಳೆಯುವ ವೇಗವಾದರೂ ಎಷ್ಟು? ಯಕೃತ್ತು ಗಂಟೆಗೆ ಸುಮಾರು ೭ರಿಂದ ೧೦ ಗ್ರಾಮು ಮಾತ್ರ ಸುಡಬಲ್ಲುದು. ನಮ್ಮ ಅಂಗಡಿಗಳಲ್ಲಿ ಮಾರುವ ೧೮೦ ಮಿಲಿಲೀಟರಿನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ೬೦ ಗ್ರಾಮಿನಷ್ಟು ಮದ್ಯಸಾರ ಇರುತ್ತದೆ. ಲೆಕ್ಕವನ್ನು ವಾಚಕರೇ ಹಾಕಿಕೊಳ್ಳಬಹುದು. ತಣ್ಣೀರು ಸುರಿದರೂ ನಿಂಬೆಹಣ್ಣು ಹಿಂಡಿದರೂ ಕಾಫಿ ಕುಡಿಸಿದರೂ ಈ ಲೆಕ್ಕದಲ್ಲಿ ಒಂದು ಗ್ರಾಮೂ ಕಡಿಮೆಯಾಗದು.

ಅದೂ ಅಲ್ಲದೆ, ಹೆಂಡದ ನಾತವು ಬಂದ ಮಾತ್ರಕ್ಕೆ ಎಚ್ಚರ ತಪ್ಪಿದುದಕ್ಕೆ ಹೆಂಡವೇ ಕಾರಣವೆಂದು ಹೇಳಬರುವುದಿಲ್ಲ. ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ಸುರಿಯುತ್ತಿರಬಹುದು. ಊಟವಿಲ್ಲದೆ ಕುಡಿದವನಿಗೂ, ಸಕ್ಕರೆ ರೋಗಕ್ಕೆ ಔಷಧ ತೆಗೆದುಕೊಳ್ಳುವವನಿಗೂ ರಕ್ತದ ಸಕ್ಕರೆ ತೀರ ಇಳಿದುಹೋಗಿರಬಹುದು. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡಿದರೆ ಒಂದು ನಿಮಿಷದಲ್ಲಿ ತಿಳಿಯುವ ಸಂಗತಿ ಅದು. ಕುಡಿದುದು ಮದ್ಯವೇ ಅಲ್ಲದಿರಬಹುದು. ೧೯೮೧ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಬಡವರನ್ನು ಕೊಂದ ಕಳ್ಳಭಟ್ಟಿಯನ್ನು ಆ ನಗರದ ಹಿರಿಯರು ಇನ್ನೂ ಮರೆತಿಲ್ಲ. ಇಂಥ ಸಾವುಗಳಿಗೆ ಬಹುಮಟ್ಟಿಗೆ ಕಾರಣವಾಗುವ ಮಿಥೈಲ್ ಮದ್ಯದ ರೀತಿಯೇ ಬೇರೆ. ಅದು ಮೊದಲು ಸಾಧಾರಣವಾದ ಅಮಲನ್ನೇ ಕೊಟ್ಟು, ಅರ್ಧ ದಿನವೋ ಒಂದು ದಿನವೋ ಸುಮ್ಮನಿದ್ದು, ಆಮೇಲೆ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣನ್ನೂ ಪ್ರಾಣವನ್ನೂ ತೆಗೆಯುತ್ತದೆ. ಇದಕ್ಕೆ ಪ್ರತಿವಿಷವುಂಟು, ಬೇಗ ಕೊಟ್ಟರೆ ಉಳಿಸುವುದೂ ಉಂಟು. ಠಾಣೆಯ ಜಮಾದಾರನು ಈ ಭೇದಗಳನ್ನೆಲ್ಲ ಅರಿಯಬೇಕೆಂದು ನಾವು ಹೇಳುವುದಿಲ್ಲ. ಕೂಗಿದರೂ ಹೆಗಲು ಹಿಂಡಿದರೂ ಏಳದವನನ್ನು ಲಾಕಪ್ಪಿಗೆ ಹಾಕದೆ ಆಸ್ಪತ್ರೆಗೆ ಕಳುಹಿಸಬೇಕು ಎಂಬ ಒಂದೇ ನಿಯಮ ಅವನಿಗೆ ಸಾಕು. ಲಾಕಪ್ಪಿನಲ್ಲಿ ಮಲಗಿದವನನ್ನು ಅರ್ಧ ಗಂಟೆಗೊಮ್ಮೆ ಎಬ್ಬಿಸಿ ಮಾತಾಡಿಸಿ, ಅವನ ಉಸಿರನ್ನು ಎಣಿಸಿ, ದಿನಚರಿಯ ಪುಸ್ತಕದಲ್ಲಿ ಬರೆದಿಟ್ಟರೆ ಇನ್ನೂ ಮೇಲು. ಅದಕ್ಕೆ ಬೇಕಾದ ಉಪಕರಣ ಒಂದು ಕೈಗಡಿಯಾರ.

ಅಫೀಮಿನ ಜಾತಿಯ ವಿಷಗಳ ವಿಷಯದಲ್ಲಿ ಸುದೈವದಿಂದ ಒಂದು ಪ್ರತ್ಯೇಕ ಸೌಕರ್ಯವಿದೆ. ಅವುಗಳಿಂದ ಕುಗ್ಗಿದವನ ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟು ಸಣ್ಣದಾಗಿರುತ್ತದೆ, ಉಸಿರು ತೀರ ವಿರಳವಾಗಿರುತ್ತದೆ. ನಲಾಕ್ಸೋನ್ ಎಂಬ ಔಷಧವನ್ನು ಕೊಟ್ಟರೆ ಎರಡು ಮೂರು ನಿಮಿಷಗಳಲ್ಲಿ ಉಸಿರು ಮರಳುವುದು. ನೋಡಿದವರಿಗೆ ಪವಾಡದಂತೆ ತೋರುವುದು. ೧೯೬೧ರಲ್ಲಿ ಕಂಡುಹಿಡಿದ ಈ ಔಷಧವು ೧೯೭೧ರಿಂದ ಅಮೇರಿಕೆಯಲ್ಲಿ ಬಳಕೆಯಲ್ಲಿದೆ. ಜಾಗತಿಕ ಆರೋಗ್ಯ ಸಂಸ್ಥೆಯು ಇದನ್ನು ಅವಶ್ಯ ಔಷಧಗಳ ಪಟ್ಟಿಯಲ್ಲಿ ಸೇರಿಸಿದ್ದಲ್ಲದೆ, ವ್ಯಸನಿಗಳ ಜೊತೆಗಾರರ ಮತ್ತು ಮನೆಯವರ ಕೈಗೂ ಇದು ಸಿಗಬೇಕೆಂದು ೨೦೧೪ರಲ್ಲಿ ಸಲಹೆ ಮಾಡಿದೆ. ಇದರ ಶಕ್ತಿ ಒಂದು ಗಂಟೆಯ ಆಸುಪಾಸಿನಲ್ಲಿ ಇಳಿಯುವುದರಿಂದ ಎದ್ದು ಕುಳಿತವನು ಮತ್ತೆ ಕುಗ್ಗಬಹುದು. ಆಸ್ಪತ್ರೆಗೆ ಒಯ್ಯುವುದು ತಪ್ಪದು. ಮದ್ಯಕ್ಕೂ ನಿದ್ರೆಯ ಗುಳಿಗೆಗಳಿಗೂ ಇದು ನಾಟುವುದಿಲ್ಲ. ಆದರೂ ಕುಡಿದುದು ಏನೆಂದು ತಿಳಿಯದಾಗ ಕೊಟ್ಟರೆ ನಷ್ಟವೇನೂ ಇಲ್ಲ.

ಮಕ್ಕಳ ವಿಚಾರವನ್ನು ಹೇಳದೆ ಬಿಡಲಾಗದು. ಹಿಂದೆ ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ತಾಯಂದಿರು ಕೂಸು ಅಳದಿರಲೆಂದು ಅಫೀಮಿನ ಸಣ್ಣ ಗುಳಿಗೆಯನ್ನು ನುಂಗಿಸಿ ಕೆಲಸಕ್ಕೆ ಹೋಗುತ್ತಿದ್ದರು. ಆ ತಾಯಂದಿರನ್ನು ದೂರುವುದಕ್ಕೆ ನಮಗೆ ಬಾಯಿಲ್ಲ. ಹನ್ನೆರಡು ಗಂಟೆ ದುಡಿಸಿಕೊಂಡವರನ್ನು ದೂರಬೇಕು. ಈಗ ಗಿರಣಿಯ ಸಿಳ್ಳು ಇಲ್ಲ, ಅಫೀಮಿನ ಗುಳಿಗೆ ಇಲ್ಲ. ಆದರೆ ರಾತ್ರಿ ಕೆಮ್ಮುವ ಮಗುವಿಗೆ ದೊಡ್ಡವರ ಕೆಮ್ಮಿನ ಔಷಧವನ್ನು ಒಂದು ಚಮಚ ಕುಡಿಸಿ ಮಲಗಿಸುವ ಸುಶಿಕ್ಷಿತ ಮನೆಗಳು ಇಲ್ಲವೆ? ಆ ಸೀಸೆಯಲ್ಲಿ ಕೋಡೀನು ಇರಬಹುದು. ಯಕೃತ್ತು ಕೋಡೀನನ್ನು ಮಾರ್ಫೀನಾಗಿ ಮಾರ್ಪಡಿಸುತ್ತದೆ. ಕೆಲವು ಮಕ್ಕಳ ದೇಹದಲ್ಲಿ ಈ ಮಾರ್ಪಾಟು ಅತಿ ವೇಗದಿಂದ ನಡೆಯುತ್ತದೆ. ಈ ಕಾರಣದಿಂದಲೇ ಅಮೇರಿಕೆಯ ಸರಕಾರವು ೧೨ ವರ್ಷಕ್ಕೆ ಕೆಳಗಿನ ಮಕ್ಕಳಿಗೆ ಕೋಡೀನು ಕೊಡಕೂಡದೆಂದು ೨೦೧೭ರಲ್ಲಿ ಎಚ್ಚರಿಸಿತು. ಔಷಧದ ಅಂಗಡಿಯವರಿಗೂ ನಮ್ಮ ದೇಶದಲ್ಲಿ ಕಾಯಿದೆ ಇಲ್ಲದಿಲ್ಲ. ಆಲ್ಪ್ರಜೋಲಾಮ್, ಡಯಾಜೆಪಾಮ್, ಕೋಡೀನುಗಳನ್ನು ವೈದ್ಯನ ಚೀಟಿಯಿಲ್ಲದೆ ಮಾರಕೂಡದು. ಮಾರಿದುದನ್ನು ಬೇರೆಯ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು ಎಂಬ ನಿಯಮವು ೨೦೧೪ರಿಂದ ಜಾರಿಯಲ್ಲಿದೆ. ಆ ಪುಸ್ತಕಗಳನ್ನು ತೆರೆದು ನೋಡುವ ಇನ್‌ಸ್ಪೆಕ್ಟರರು ಎಷ್ಟು ಮಂದಿ ಇದ್ದಾರೆಂಬುದು ಬೇರೆಯ ಪ್ರಶ್ನೆ.

ಹಾಗಾದರೆ ದಾರಿಹೋಕನು ಮಾಡಬೇಕಾದುದೇನು? ಮೊದಲು ಗಟ್ಟಿಯಾಗಿ ಕೂಗಿ ಹೆಗಲನ್ನು ಅಲುಗಿಸಿ ನೋಡಬೇಕು. ಏಳಲಿಲ್ಲವಾದರೆ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಬೇಕು. ಎಣಿಕೆಯು ಎಂಟು ಹತ್ತಕ್ಕಿಂತ ಕೆಳಗಿದ್ದರೆ, ಎರಡು ಉಸಿರುಗಳ ನಡುವೆ ಹತ್ತು ಸೆಕೆಂಡಿನಷ್ಟು ಬಿಡುವು ಬಿದ್ದರೆ, ತುಟಿ ಉಗುರುಗಳು ನೀಲಿಯಾಗಿದ್ದರೆ, ಮೈ ತಣ್ಣಗೆ ಜಿಗುಟಾಗಿದ್ದರೆ, ಗಂಟಲಲ್ಲಿ ಗೊರಗೊರ ಸದ್ದಿದ್ದರೆ, ತಡಮಾಡದೆ ೧೦೮ಕ್ಕೆ ಕರೆ ಹೋಗಬೇಕು. ಎಣಿಕೆ ಸರಿಯಿದ್ದರೂ ಏಳದವನಿಗೆ ವೈದ್ಯನು ಬೇಕೇ ಬೇಕು. ಗಾಡಿ ಬರುವ ತನಕ ಅವನನ್ನು ಅಂಗಾತ ಬಿಡದೆ ಒಂದು ಮಗ್ಗುಲಿಗೆ ತಿರುಗಿಸಿ, ಮೇಲಿನ ಕಾಲನ್ನು ಮಡಿಸಿ, ಕೈಯನ್ನು ಕೆನ್ನೆಯ ಕೆಳಗಿಟ್ಟು, ಗಲ್ಲವನ್ನು ತುಸು ಮೇಲಕ್ಕೆತ್ತಿ, ಬಾಯಿ ನೆಲದ ಕಡೆಗೆ ಬಾಗುವಂತೆ ಮಲಗಿಸಬೇಕು. ನಾಲಗೆ ಮುಂದಕ್ಕೆ ಬೀಳುವುದು, ವಾಂತಿ ಹೊರಗೆ ಹರಿಯುವುದು. ಮೇಲೆ ಒಂದು ಕಂಬಳಿ ಹೊದಿಸಬೇಕು. ಹೆಂಡವು ಮೈಯನ್ನು ಬೆಚ್ಚಗಿಡುತ್ತದೆಂಬುದು ಸುಳ್ಳು. ಅದು ಚರ್ಮದ ರಕ್ತನಾಳಗಳನ್ನು ತೆರೆದು ಒಳಗಿನ ಶಾಖವನ್ನು ಹೊರಗೆ ಚೆಲ್ಲಿಬಿಡುತ್ತದೆ. ಉಸಿರು ನಿಂತೇ ಹೋದರೆ ಬಾಯಿಗೆ ಬಾಯಿಟ್ಟು ಊದುವುದನ್ನೂ ಎದೆ ಒತ್ತುವುದನ್ನೂ ಬಲ್ಲವರು ಅದನ್ನು ಮಾಡಬೇಕು. ಬಾಯಿಗೆ ಬೆರಳು ಹಾಕಿ ಕಕ್ಕಿಸಬಾರದು. ಮಜ್ಜಿಗೆಯನ್ನಾಗಲಿ ಉಪ್ಪುನೀರನ್ನಾಗಲಿ ಕುಡಿಸಬಾರದು. ಎಚ್ಚರವಿಲ್ಲದವನ ಬಾಯಿಗೆ ಹಾಕಿದುದು ಹೊಟ್ಟೆಗೆ ಹೋಗುವುದೆಂಬ ಭರವಸೆ ಏನು? ಖಾಲಿ ಗುಳಿಗೆಯ ಪಟ್ಟಿಯೋ ಸೀಸೆಯೋ ಹತ್ತಿರ ಬಿದ್ದಿದ್ದರೆ ಅದನ್ನು ಡಾಕ್ಟರರಿಗೆ ಒಪ್ಪಿಸಬೇಕು.

ಇಷ್ಟು ಬಿದ್ದವನ ಮಾತಾಯಿತು. ಇನ್ನೊಂದು ಅಪಾಯವು ಬಿಟ್ಟವನಿಗೆ ಉಂಟು. ಸರಕಾರದವರ ಗಮನಕ್ಕೆ ಮುಖ್ಯವಾಗಿ ತರಬೇಕಾದುದು ಇದನ್ನೇ. ದಿನವೂ ಅಮಲು ಒಂದು ಕಡೆಗೆ ಜಗ್ಗುತ್ತಿದ್ದರೆ ಮಿದುಳು ಸಮತೂಕಕ್ಕಾಗಿ ಇನ್ನೊಂದು ಕಡೆಗೆ ಜಗ್ಗಲು ಕಲಿಯುತ್ತದೆ. ಹಗ್ಗಜಗ್ಗಾಟದಲ್ಲಿ ಎದುರಾಳಿಯು ಒಮ್ಮೆಲೆ ಹಗ್ಗ ಬಿಟ್ಟರೆ ಇವನು ಹಿಂದಕ್ಕೆ ಬೀಳುವಂತೆ, ಅಮಲು ಒಮ್ಮೆಲೆ ನಿಂತರೆ ಮಿದುಳು ಕೆರಳುತ್ತದೆ. ಕೈಕಾಲು ನಡುಗುವುದು, ಒಂದೆರಡು ದಿನಗಳೊಳಗೆ ಸೆಳವು ಬರುವುದು, ಅನಂತರ ಸನ್ನಿಯೇರಿ ಇಲ್ಲದುದನ್ನು ಕಾಣುವುದು. ಅಫೀಮು ಬಿಟ್ಟವನು ಘೋರವಾಗಿ ನರಳಿದರೂ ಸಾಯುವುದು ಅಪೂರ್ವ. ಮದ್ಯವನ್ನೂ ನಿದ್ರೆಯ ಔಷಧವನ್ನೂ ಹಠಾತ್ತಾಗಿ ಬಿಟ್ಟವನು ಚಿಕಿತ್ಸೆಯಿಲ್ಲದೆ ಸಾಯಬಹುದು. ೨೦೧೫ರಲ್ಲಿ ತೆಲಂಗಾಣ ಸರಕಾರವು ಕಲಬೆರಕೆ ಸೇಂದಿಯ ಮೇಲೆ ಬಿಗಿಯಾದ ಕ್ರಮ ಕೈಗೊಂಡಾಗ ನಿಜಾಮಾಬಾದು ಮೊದಲಾದ ಜಿಲ್ಲೆಗಳಲ್ಲಿ ಇದೇ ನಡೆಯಿತು. ಪುಡಿ ಬೆರೆಸದ ಸೇಂದಿ ಕುಡಿದವರು ಸೆಳವು ಬಂದು, ಭ್ರಮೆ ಹಿಡಿದು ಗುಂಪುಗುಂಪಾಗಿ ಆಸ್ಪತ್ರೆಗೆ ಬಂದರು. ಜನರಿಗೆ ಹುಚ್ಚು ಹಿಡಿಯಿತೆಂಬ ಗುಲ್ಲು ಎದ್ದಿತು. ಕ್ರಮವು ನ್ಯಾಯವಾದುದೇ. ಅದಕ್ಕೆ ಮೊದಲು ಆಸ್ಪತ್ರೆಗಳನ್ನು ಸಿದ್ಧಪಡಿಸಬೇಕಾಗಿತ್ತು.

ನಮ್ಮ ಸರಕಾರವು ೨೦೦೭ರ ಜುಲೈ ೧ರಿಂದ ಸಾರಾಯಿಯನ್ನು ನಿಷೇಧಿಸಿತು. ಆ ನಿಷೇಧಕ್ಕಾಗಿ ಹಳ್ಳಿಯ ಹೆಂಗಸರು ಪಟ್ಟ ಪಾಡನ್ನು ನಾವು ಬಲ್ಲೆವು. ಆದರೆ ೨೦೦೩ರಲ್ಲಿ ಹುಟ್ಟಿದ ಸರಕಾರದ ಪಾನೀಯ ನಿಗಮವೇ ಇಂದಿಗೂ ಮದ್ಯದ ಸಗಟು ವ್ಯಾಪಾರಿ. ಸ್ವತಂತ್ರ ಭಾರತದ ಸಂವಿಧಾನದ ೪೭ನೆಯ ಅನುಚ್ಛೇದವು ಮಾದಕ ಪಾನೀಯಗಳನ್ನು ನಿಷೇಧಿಸಲು ಯತ್ನಿಸುವುದು ರಾಜ್ಯದ ಕರ್ತವ್ಯವೆನ್ನುತ್ತದೆ. ಬೊಕ್ಕಸದ ಲೆಕ್ಕಪುಸ್ತಕವು ಬೇರೆ ಮಾತು ಹೇಳುತ್ತದೆ. ಈ ವ್ಯಾಜ್ಯವು ಇಂದು ನಾಳೆಗೆ ತೀರುವಂಥದಲ್ಲ. ಅದು ತೀರುವ ತನಕ ಮಾರುವ ಕೈಗೆ ಒಂದು ಬಾಧ್ಯತೆಯಿದೆ ಎಂದಷ್ಟೇ ನಮ್ಮ ವಾದ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನದ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವುಂಟು. ಅಲ್ಲಿಯ ಪಂಡಿತರು ತಾಲೂಕಿನ ವೈದ್ಯರಿಗೆ ಕಲಿಸಲು ಸಮರ್ಥರು. ೧೪೪೪೬ ಎಂಬ ಸಂಖ್ಯೆಗೆ ಯಾರು ಬೇಕಾದರೂ ಖರ್ಚಿಲ್ಲದೆ ಕರೆಮಾಡಿ ವ್ಯಸನ ಬಿಡುವ ಬಗೆಯನ್ನು ಕೇಳಬಹುದು. ಆದರೆ ದೇವದುರ್ಗದ ಕೂಲಿಯವನಿಗೆ ಸೆಳವು ಬಂದ ರಾತ್ರಿ ಬೆಂಗಳೂರು ದೂರವಾಗುತ್ತದೆ. ಗಡಿಯ ತಾಲೂಕುಗಳ ಒಂದೊಂದು ಸರಕಾರಿ ಆಸ್ಪತ್ರೆಯಲ್ಲಿಯೂ ಉಸಿರಿಗೆ ಆಸರೆ ಕೊಡುವ ಚೀಲ ಮತ್ತು ಆಮ್ಲಜನಕ, ನಲಾಕ್ಸೋನ್, ರಕ್ತದ ಸಕ್ಕರೆ ನೋಡುವ ಸಾಧನ, ಅಮಲು ಬಿಡಿಸುವಾಗ ಅಳತೆಯಿಂದ ಇಳಿಸುತ್ತ ಕೊಡುವ ಡಯಾಜೆಪಾಮ್, ಜೊತೆಗೆ ಥಯಾಮಿನ್ ಸೂಜಿಮದ್ದು, ಇವನ್ನು ಬಳಸಬಲ್ಲ ಒಬ್ಬ ವೈದ್ಯ, ರಾತ್ರಿ ಎಚ್ಚರವಿರುವ ಒಬ್ಬ ದಾದಿ, ಇಷ್ಟು ಇದ್ದರೆ ಸಾಕು. ಅಬಕಾರಿ ಇಲಾಖೆಯವರು ಮುಂದಿನ ದಾಳಿಯ ತಾರೀಖನ್ನು ಗೊತ್ತುಮಾಡುವ ಮುಂಚೆ ಅದೇ ತಾಲೂಕಿನ ಆಸ್ಪತ್ರೆಯ ವೈದ್ಯಾಧಿಕಾರಿಗೆ ಗುಟ್ಟಾಗಿ ಒಂದು ಪತ್ರ ಬರೆಯಲಿ.